ಅಮೋನಿಯಾ ಇಳಿದ ತಕ್ಷಣ ಖುಷಿಪಡಬೇಡಿ: ಕೋಕ್ ಓವನ್ ನೀರು, ಅದನ್ನು ತಿನ್ನುವ ಬ್ಯಾಕ್ಟೀರಿಯಾ

ಉಕ್ಕಿನ ಕಾರ್ಖಾನೆಗಳ ಕೋಕ್ ಓವನ್ ವಿಭಾಗದಲ್ಲಿ ಬಿಒಡಿ ಪ್ಲಾಂಟ್ ಅಂತ, ಕೊಳಕು ನೀರನ್ನು ಬ್ಯಾಕ್ಟೀರಿಯಾದಿಂದ ಶುದ್ಧ ಮಾಡಿಸುವ ಒಂದು ಜಾಗ ಇರುತ್ತದೆ. ಹೊರಗಿನಿಂದ ನೋಡಿದವರಿಗೆ ಕಾಣುವುದು ನೊರೆ ತುಂಬಿದ ತೊಟ್ಟಿಗಳು, ಕೇಳಿಸುವುದು ಬ್ಲೋವರ್ ಸದ್ದು. ನಾನು ಕೆಮಿಸ್ಟ್ ಆಗಿ ಕೆಲಸ ಮಾಡುವುದು ಅಲ್ಲೇ. ಈಚೆಗೆ ಹೊಸ ಟ್ರೈನಿಗಳು ಬಂದಿದ್ದಾರೆ. ಅವರ ಪ್ರಶ್ನೆಗಳಿಗೆ ಬಾಯಲ್ಲಿ ಹೇಳಿ ಹೇಳಿ, ಇದನ್ನೆಲ್ಲ ಒಂದು ಕಡೆ ಬರೆದಿಡೋಣ ಅನ್ನಿಸಿತು. ಬೇರೆ ಇಟಿಪಿಗಳಲ್ಲಿ (ಕಾರ್ಖಾನೆಯ ಕೊಳಕು ನೀರು ಶುದ್ಧ ಮಾಡುವ ಘಟಕಗಳಲ್ಲಿ) ದುಡಿಯುವವರಿಗೂ ಉಪಯೋಗಕ್ಕೆ ಬರಬಹುದು.

ಮೊದಲು, ಈ ನೀರು ಬರುವುದು ಎಲ್ಲಿಂದ? ಕಲ್ಲಿದ್ದಲನ್ನು ಗಾಳಿ ಸೋಕದ ಹಾಗೆ 1,000 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯಿಸಿದರೆ ಕೋಕ್ ಆಗುತ್ತದೆ. ಆಗ ಕಲ್ಲಿದ್ದಲಿನಿಂದ ಏಳುವ ಬಿಸಿ ಗ್ಯಾಸ್ ಮೇಲೆ ನೀರು ಚಿಮ್ಮಿಸಿ ತಣಿಸುತ್ತಾರೆ. ಗ್ಯಾಸ್‌ನಲ್ಲಿದ್ದ ಡಾಂಬರು ಕೆಳಗಿಳಿಯುತ್ತದೆ. ಅದರ ಜೊತೆಗೆ ಅಮೋನಿಯಾ ಲಿಕ್ಕರ್ ಅನ್ನುವ ಕಂದು ಬಣ್ಣದ ನೀರು ಸಿಗುತ್ತದೆ. ಡಾಂಬರು ಬೇರೆ ಮಾಡಿ, ಸ್ಟಿಲ್ ಅನ್ನುವ ಗೋಪುರದಲ್ಲಿ ಹಬೆ ಹಾಯಿಸಿ ಅಮೋನಿಯಾದ ದೊಡ್ಡ ಪಾಲನ್ನು ತೆಗೆದ ಮೇಲೆ ಉಳಿಯುವ ನೀರು ನಮ್ಮ ಕಡೆ ಬರುತ್ತದೆ. ಅದರಲ್ಲಿ ಲೀಟರಿಗೆ ನೂರಾರು ಮಿಲಿಗ್ರಾಂ ಫೀನಾಲ್, ನೂರಾರು ಮಿಲಿಗ್ರಾಂ ಥಯೋಸಯನೇಟ್ (ಗಂಧಕ, ಇಂಗಾಲ, ಸಾರಜನಕ ಸೇರಿದ ರಾಸಾಯನಿಕ) ಇರುತ್ತದೆ. ಸಯನೈಡ್ ಇರುತ್ತದೆ. ಸ್ಟಿಲ್‌ನಲ್ಲಿ ಹೋಗದೆ ಉಳಿದ ಅಮೋನಿಯಾ, ಒಂದಿಷ್ಟು ಎಣ್ಣೆ, ಡಾಂಬರಿನ ಚೂರು ಕೂಡ ಇರುತ್ತದೆ.

ನಮ್ಮ ದೇಶದ ನಿಯಮದ ಪ್ರಕಾರ ಹೊರಗೆ ಹೋಗುವ ನೀರಲ್ಲಿ ಫೀನಾಲ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಸಯನೈಡ್ 0.2 ದಾಟಬಾರದು. ಅಮೋನಿಯಾ ಸಾರಜನಕ, ಅಂದರೆ ಅಮೋನಿಯಾ ರೂಪದಲ್ಲಿರುವ ಸಾರಜನಕ, 50 ದಾಟಬಾರದು. ನೂರಾರು ಮಿಲಿಗ್ರಾಂ ಇರುವ ಫೀನಾಲನ್ನು ಒಂದಕ್ಕೆ ಇಳಿಸುವವರು ಯಾರು? ಬ್ಯಾಕ್ಟೀರಿಯಾ.

ಟ್ರೈನಿಗಳಿಗೆ ಇಲ್ಲೇ ಮೊದಲ ಅನುಮಾನ ಬರುತ್ತದೆ. ಫೀನಾಲ್ ಅಂದರೆ ಕ್ರಿಮಿನಾಶಕ ಅಲ್ವಾ? ಹೌದು. 1865ರಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಗಾಯ ಕೊಳೆಯದಿರಲಿ ಅಂತ ಬಳಸಿದ್ದು ಇದೇ ಫೀನಾಲ್. ಆಗ ಅದನ್ನು ಕಾರ್ಬಾಲಿಕ್ ಆಸಿಡ್ ಅನ್ನುತ್ತಿದ್ದರು. ಜಾಸ್ತಿ ಇದ್ದರೆ ಕೊಲ್ಲುತ್ತದೆ, ಕಡಿಮೆ ಇದ್ದರೆ ಊಟ. ಸೂಡೋಮೊನಾಸ್, ಅಸಿನೆಟೊಬ್ಯಾಕ್ಟರ್ ಥರದ ಬ್ಯಾಕ್ಟೀರಿಯಾಗಳ ಹತ್ತಿರ ಫೀನಾಲ್‌ಗೆ ಆಮ್ಲಜನಕ ಸೇರಿಸುವ ಕಿಣ್ವ ಇದೆ. ಮೊದಲು ಅದು ಫೀನಾಲನ್ನು ಕ್ಯಾಟಿಕಾಲ್ ಮಾಡುತ್ತದೆ. ಆಮೇಲೆ ಇನ್ನೊಂದು ಕಿಣ್ವ ಆ ಆರು ಇಂಗಾಲದ ಉಂಗುರವನ್ನೇ ಮುರಿಯುತ್ತದೆ. ಉಂಗುರ ಒಮ್ಮೆ ಮುರಿಯಿತು ಅಂದರೆ ಮುಂದಿನದು ಸಲೀಸು. ಸಕ್ಕರೆ ಕರಗಿಸುವ ದಾರಿಯಲ್ಲೇ ಅದೂ ಕರಗಿ ನೀರು, ಇಂಗಾಲದ ಡೈಆಕ್ಸೈಡ್ ಆಗುತ್ತದೆ.

ಹಾಗಾಗಿ ನಮ್ಮ ಟ್ಯಾಂಕ್‌ಗೆ ಬರುವ ನೀರಲ್ಲಿ ಫೀನಾಲ್ 600 ಇದ್ದರೂ, ಟ್ಯಾಂಕ್ ಒಳಗೆ ಬ್ಯಾಕ್ಟೀರಿಯಾ ಮುಖಾಮುಖಿ ಆಗುವುದು ಒಂದಕ್ಕಿಂತ ಕಡಿಮೆ ಫೀನಾಲ್‌ಗೆ. ಬಂದದ್ದನ್ನು ಬಂದ ಹಾಗೇ ತಿಂದು ಮುಗಿಸುತ್ತಿರುತ್ತವೆ. ತಿನ್ನುವ ವೇಗಕ್ಕಿಂತ ಬರುವ ವೇಗ ಜಾಸ್ತಿಯಾದರೆ ಉಳಿಕೆ ಏರುತ್ತದೆ. ಏರಿದ ಉಳಿಕೆ ತಿನ್ನುವ ವೇಗವನ್ನು ಇನ್ನೂ ತಗ್ಗಿಸುತ್ತದೆ. ಅಲ್ಲಿಂದ ಮುಂದೆ ಪ್ಲಾಂಟ್ ಜಾರುವುದು ಬಹಳ ಬೇಗ. ಸಾಮಾನ್ಯ ಚರಂಡಿ ನೀರಿನ ಎಸ್‌ಟಿಪಿಗೂ ನಮ್ಮ ಪ್ಲಾಂಟ್‌ಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಅಲ್ಲಿ ಲೋಡ್ ಜಾಸ್ತಿಯಾದರೆ ನೀರು ಸ್ವಲ್ಪ ಕೊಳಕಾಗಿ ಹೋಗುತ್ತದೆ. ಇಲ್ಲಿ ಲೋಡ್ ಜಾಸ್ತಿಯಾದರೆ ತಿನ್ನುವವರೇ ಸಾಯುತ್ತಾರೆ.

ಈಗ ಮುಖ್ಯ ವಿಷಯ. ಟ್ಯಾಂಕಿನಲ್ಲಿ ಕೆಲಸ ಮಾಡುವುದು ಒಂದೇ ಗುಂಪಲ್ಲ. ಕಡಿಮೆ ಅಂದರೂ ಮೂರು ಗುಂಪು. ಮೊದಲಿನವು ಫೀನಾಲ್ ತಿನ್ನುವವು. ಬೇಗ ಬೆಳೆಯುತ್ತವೆ, ಗಟ್ಟಿಗ ಜಾತಿ. ಎರಡನೆಯವು ಥಯೋಸಯನೇಟ್ ಒಡೆಯುವವು. ಥಯೋಬ್ಯಾಸಿಲಸ್ ಅನ್ನುವುದು ಇವುಗಳಲ್ಲಿ ಹೆಸರುವಾಸಿ. ನೀರಲ್ಲಿ ಫೀನಾಲ್ ಚೆನ್ನಾಗಿ ಇಳಿದ ಮೇಲೇ ಇವು ಸರಿಯಾಗಿ ಕೆಲಸ ಶುರು ಮಾಡುವುದು. ಮೂರನೆಯವು ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಮಾಡುವವು. ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್ ಅಂತ ಪುಸ್ತಕದಲ್ಲಿ ಓದಿರುತ್ತೀರಿ. ಇವು ಬಹಳ ನಿಧಾನ, ಬಹಳ ಸೂಕ್ಷ್ಮ. ಕೆಲವೇ ಮಿಲಿಗ್ರಾಂ ಫೀನಾಲ್ ಉಳಿದರೂ ಸೊರಗುತ್ತವೆ. ಸಯನೈಡಂತೂ ಆಗಿಬರುವುದೇ ಇಲ್ಲ.

ಕೆಲಸ ಆಗುವುದು ಈ ಸರದಿಯಲ್ಲಿ. ಪ್ಲಾಂಟ್ ಕೆಡುವುದು ಮಾತ್ರ ಉಲ್ಟಾ ಸರದಿಯಲ್ಲಿ. ಮೊದಲು ಅಮೋನಿಯಾದವು ಕೈಬಿಡುತ್ತವೆ, ಆಮೇಲೆ ಥಯೋಸಯನೇಟ್‌ನವು, ಕೊನೆಗೆ ಫೀನಾಲ್‌ನವು. ಫೀನಾಲ್ ರಿಪೋರ್ಟ್ ಚೆನ್ನಾಗಿದೆ ಅಂತ ನೆಮ್ಮದಿಯಾಗಿ ಕೂತವರಿಗೆ ವಿಷಯ ತಿಳಿಯುವುದು ತೀರಾ ತಡವಾಗಿ.

ಇದರಲ್ಲಿ ಇನ್ನೊಂದು ತಿರುವು ಇದೆ. ಥಯೋಸಯನೇಟ್ ಒಡೆದಾಗ ಏನು ಸಿಗುತ್ತದೆ? ಸಲ್ಫೇಟ್, ಬೈಕಾರ್ಬೊನೇಟ್ ಮತ್ತು ಅಮೋನಿಯಾ. ಅಂದರೆ ನಾವು ಒಂದು ವಿಷ ತೆಗೆಯುವ ಹೊತ್ತಿಗೆ ಟ್ಯಾಂಕಿನೊಳಗೇ ಹೊಸ ಅಮೋನಿಯಾ ಹುಟ್ಟುತ್ತದೆ. ಲೆಕ್ಕ ಹಾಕಿ. ಥಯೋಸಯನೇಟ್‌ನ ಅಣುತೂಕ 58, ಅದರಲ್ಲಿ ಸಾರಜನಕ 14. ಲೀಟರಿಗೆ 300 ಮಿಲಿಗ್ರಾಂ ಥಯೋಸಯನೇಟ್ ಪೂರ್ತಿ ಒಡೆದರೆ 72 ಮಿಲಿಗ್ರಾಂ ಅಮೋನಿಯಾ ಸಾರಜನಕ ಬರುತ್ತದೆ. ಒಳಗೆ ಬರುವ ನೀರಲ್ಲಿ ಅಮೋನಿಯಾ ಸಾರಜನಕ 80 ಇದೆ ಅಂದುಕೊಳ್ಳಿ. ಮೂರನೇ ಗುಂಪು ಮಲಗಿದ್ದು ಎರಡನೇ ಗುಂಪು ಕೆಲಸ ಮಾಡುತ್ತಿದ್ದರೆ ಹೊರಗೆ ಬರುವ ನೀರಲ್ಲಿ 150ರ ಹತ್ತಿರ ಕಾಣುತ್ತದೆ. ಒಳಗೆ 80, ಹೊರಗೆ 150! ಹೊಸಬರು ಇದನ್ನು ನೋಡಿದ ಕೂಡಲೇ ಸ್ಯಾಂಪಲ್ ಬಾಟಲಿ ಅದಲುಬದಲಾಗಿದೆ ಅನ್ನುತ್ತಾರೆ. ಬಾಟಲಿ ಸರಿಯಾಗೇ ಇರುತ್ತದೆ.

ಹಿಂದೆ ನಾನು ಬೇರೊಂದು ಪ್ಲಾಂಟ್‌ನಲ್ಲಿದ್ದಾಗ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಮೇಲಿನ ಯೂನಿಟ್‌ನವರು ಒಂದು ಲಿಕ್ಕರ್ ಟ್ಯಾಂಕ್ ತೊಳೆದು, ತಳದಲ್ಲಿದ್ದ, ವಿಷ ದಟ್ಟವಾಗಿದ್ದ ನೀರನ್ನು ರಾತ್ರಿ ಶಿಫ್ಟ್‌ನಲ್ಲಿ ನಮ್ಮ ಲೈನಿಗೆ ಬಿಟ್ಟಿದ್ದರು. ಅದೇ ಹೊತ್ತಿಗೆ ಬರುವ ನೀರನ್ನು ಬೆರೆಸಿ ಹದ ಮಾಡುವ ನಮ್ಮ ಈಕ್ವಲೈಸೇಶನ್ ಟ್ಯಾಂಕಿನ ಅರ್ಧ ಭಾಗ ಹೂಳು ತೆಗೆಯಲು ಖಾಲಿ ಮಾಡಿಟ್ಟಿತ್ತು. ಬಂದ ನೀರು ಹದವಾಗಲು ಜಾಗವೇ ಇರಲಿಲ್ಲ. ನೇರ ಬ್ಯಾಕ್ಟೀರಿಯಾ ಇರುವ, ಗಾಳಿ ಊದುವ ಏರೇಶನ್ ಟ್ಯಾಂಕ್‌ಗೆ ಹೋಯಿತು.

ಮೊದಲು ಹೊರನೀರಿನ ಅಮೋನಿಯಾ ಏರಿತು. ಎಲ್ಲರೂ ಸ್ಟಿಲ್ ಕಡೆ ಓಡಿದರು. ಹಬೆ ಕಡಿಮೆಯಾಗಿದೆಯಾ, ಕಾಸ್ಟಿಕ್ ಸರಿಯಾಗಿ ಹೋಗ್ತಾ ಇದೆಯಾ ಅಂತ ತಪಾಸಣೆ ನಡೆಯಿತು. ಅಲ್ಲಿ ಎಲ್ಲ ಸರಿಯಾಗಿತ್ತು. ಅಮೋನಿಯಾ ಇನ್ನೂ ಏರಿತು. ಆಮೇಲೆ ಒಂದು ದಿನ ಸಡನ್ನಾಗಿ ಇಳಿಯಿತು. ಹೆಚ್ಚುಕಮ್ಮಿ ಅರ್ಧಕ್ಕೆ! ಮೀಟಿಂಗ್‌ನಲ್ಲಿ ಎಲ್ಲರ ಮುಖದಲ್ಲೂ ನಿರಾಳ. ಪ್ಲಾಂಟ್ ತಾನಾಗೇ ಸುಧಾರಿಸಿಕೊಳ್ಳುತ್ತಿದೆ, ಫೀಡ್ (ಟ್ಯಾಂಕಿಗೆ ಬಿಡುವ ನೀರು) ಪೂರ್ತಿ ಕೊಡೋಣ ಅನ್ನುವ ಮಾತೂ ಬಂತು.

ನಮ್ಮ ಹಿರಿಯ ಆಪರೇಟರ್ ಒಬ್ಬರು ಮಾತ್ರ ಒಪ್ಪಲಿಲ್ಲ. ಅವರು ಹುಬ್ಬಳ್ಳಿ ಕಡೆಯವರು. ಲ್ಯಾಬ್ ಬಾಗಿಲಲ್ಲಿ ನಿಂತು, "ಮೇಡಂ, ಟ್ಯಾಂಕಿನ್ಯಾಗ ನೀರು ಇನ್ನೂ ಕಪ್ಪಗ ಐತ್ರಿ. ನೊರೀನೂ ಬ್ಯಾರೆ ಥರಾ ಐತಿ. ಹಿಂಗಿದ್ರ ಅಮೋನಿಯಾ ಹೆಂಗ ಇಳಿತೈತ್ರಿ?" ಅಂದರು.

ಆ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ಥಯೋಸಯನೇಟ್ ನೋಡಲು ಒಂದು ಸುಲಭದ ಪರೀಕ್ಷೆ ಇದೆ. ಸೋಸಿದ ನೀರನ್ನು ಟೆಸ್ಟ್ ಟ್ಯೂಬ್‌ಗೆ ಹಾಕಿ, ಆಸಿಡ್ ಬೆರೆಸಿದ ಫೆರಿಕ್ ನೈಟ್ರೇಟ್ ಕೆಲವು ಹನಿ ಬಿಟ್ಟರೆ ಸಾಕು. ಥಯೋಸಯನೇಟ್ ಇಲ್ಲದಿದ್ದರೆ ತಿಳಿ ಹಳದಿ. ಇದ್ದರೆ ಕೆಂಪು. ನಮ್ಮ ಹೊರನೀರು ಯಾವಾಗಲೂ ತಿಳಿ ಹಳದಿಯಲ್ಲೇ ನಿಲ್ಲುತ್ತಿತ್ತು. ಅವತ್ತು ಮೊದಲ ಹನಿ ಬಿದ್ದ ಜಾಗದಿಂದಲೇ ಕೆಂಪು ಬಿಚ್ಚಿಕೊಂಡು ಕೆಳಗಿಳಿಯಿತು. ಟ್ಯೂಬ್ ಅಲ್ಲಾಡಿಸಿದ ಮೇಲೆ ಪೂರ್ತಿ ರಕ್ತದ ಬಣ್ಣ. ಆಪರೇಟರ್ ಅದನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ, ಏನೂ ಮಾತಾಡದೆ ಫೀಡ್ ಪಂಪ್ ಕಡೆ ಹೊರಟರು.

ಅಮೋನಿಯಾ ಇಳಿದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಮೂರನೇ ಗುಂಪು ಮೊದಲೇ ಮಲಗಿತ್ತು. ಈಗ ಎರಡನೇ ಗುಂಪೂ ಮಲಗಿತು. ಥಯೋಸಯನೇಟ್ ಒಡೆಯುವುದು ನಿಂತಿತು. ಒಡೆಯುವುದು ನಿಂತ ಮೇಲೆ ಅದರಿಂದ ಬರುವ ಅಮೋನಿಯಾವೂ ನಿಂತಿತು. ಮೇಲಿನ ಲೆಕ್ಕದ ಹಾಗೆ 150 ಹೋಗಿ 80 ಆಯಿತು. ರಿಪೋರ್ಟ್‌ನಲ್ಲಿ ಸುಧಾರಣೆ ಅನ್ನಿಸಿದ್ದು ಟ್ಯಾಂಕಿನಲ್ಲಿ ಎರಡನೇ ಸಾವು. ಫೀಡ್ ಪೂರ್ತಿ ಕೊಟ್ಟಿದ್ದರೆ ಫೀನಾಲ್ ತಿನ್ನುವವೂ ಹೋಗುತ್ತಿದ್ದವು.

ಒಂದು ಎಚ್ಚರಿಕೆ. ಈ ಪರೀಕ್ಷೆಯನ್ನು ವಿಷಗಾಳಿ ಹೊರಗೆಳೆಯುವ ಫ್ಯೂಮ್ ಹುಡ್ ಕೆಳಗೇ ಮಾಡಿ. ಸಯನೈಡ್ ಇರುವ ನೀರಿಗೆ ಆಸಿಡ್ ಬಿದ್ದರೆ ಹೈಡ್ರೋಜನ್ ಸಯನೈಡ್ ಗ್ಯಾಸ್ ಏಳುತ್ತದೆ. ಟೆಸ್ಟ್ ಟ್ಯೂಬ್‌ನಷ್ಟು ನೀರು ಅಂತ ಸದರ ಬೇಡ. ಪ್ಲಾಂಟ್‌ನಲ್ಲೂ ಅಷ್ಟೇ, ಕಚ್ಚಾ ಲಿಕ್ಕರ್ ಬಂದು ಸೇರುವ ಸಂಪ್ ತೊಟ್ಟಿಗೆ ಯಾವ ಕಾರಣಕ್ಕೂ ಆಸಿಡ್ ಸುರಿಯಬಾರದು.

ಆಮೇಲೆ ನಾವು ಮಾಡಿದ್ದು ಹೆಚ್ಚೇನಿಲ್ಲ, ಆದರೆ ಪಟ್ಟು ಹಿಡಿದು ಮಾಡಿದೆವು. ಬರುವ ನೀರನ್ನು ತುರ್ತು ಹೊಂಡಕ್ಕೆ ತಿರುಗಿಸಿದೆವು. ಟ್ಯಾಂಕಿಗೆ ಸ್ವಲ್ಪ ಸ್ವಲ್ಪವೇ ಫೀಡ್, ಅದೂ ಸರ್ವಿಸ್ ನೀರು ಬೆರೆಸಿ. ಜ್ವರ ಬಿಟ್ಟವರಿಗೆ ಗಂಜಿ ಕೊಟ್ಟ ಹಾಗೆ. ಬ್ಲೋವರ್ ಒಂದು ನಿಮಿಷ ನಿಲ್ಲಿಸಲಿಲ್ಲ. ಸ್ಲಡ್ಜ್, ಅಂದರೆ ಬ್ಯಾಕ್ಟೀರಿಯಾ ತುಂಬಿದ ಕೆಸರು, ಹೊರಹಾಕುವುದನ್ನು ಪೂರ್ತಿ ನಿಲ್ಲಿಸಿದೆವು. ಸ್ಲಡ್ಜ್ ಕಪ್ಪಾಗಿದೆ, ತೆಗೆದುಬಿಡೋಣ ಅನ್ನುವ ಒತ್ತಡ ಬಂತು. ಬೇಡ ಅಂದೆವು. ಬದುಕುಳಿದ ಸ್ವಲ್ಪ ಬ್ಯಾಕ್ಟೀರಿಯಾ ಅದರೊಳಗೇ ತಾನೇ ಇರುವುದು? ಇಂಥದೇ ಇನ್ನೊಂದು ಪ್ಲಾಂಟ್‌ನಿಂದ ಟ್ಯಾಂಕರ್‌ನಲ್ಲಿ ಒಳ್ಳೇ ಸ್ಲಡ್ಜ್ ತರಿಸಿ ಬೆರೆಸಿದೆವು.

ಫೀನಾಲ್ ತಿನ್ನುವವು ವಾರದೊಳಗೆ ಚೇತರಿಸಿಕೊಂಡವು. ಟೆಸ್ಟ್ ಟ್ಯೂಬ್ ಮತ್ತೆ ತಿಳಿ ಹಳದಿಗೆ ಬರಲು ಅದಕ್ಕಿಂತ ಜಾಸ್ತಿ ಸಮಯ ಬೇಕಾಯಿತು. ಥಯೋಸಯನೇಟ್ ಒಡೆಯುವುದು ಶುರುವಾದಾಗ ಅಮೋನಿಯಾ ಮತ್ತೆ ಏರಿತು. ಈ ಸಲ ಏರಿದ್ದು ನೋಡಿ ನಾವು ಖುಷಿಪಟ್ಟೆವು. ಮ್ಯಾನೇಜರ್‌ಗೆ ಅದನ್ನು ಅರ್ಥ ಮಾಡಿಸಲು ಬೋರ್ಡ್ ಮೇಲೆ ಲೆಕ್ಕ ಬರೆದು ತೋರಿಸಬೇಕಾಯಿತು. ನೈಟ್ರೇಟ್ ಕಾಣಿಸುವ ಹೊತ್ತಿಗೆ ತಿಂಗಳು ದಾಟಿತ್ತು. ಮೂರನೇ ಗುಂಪಿಗೆ ಅವಸರ ಮಾಡಿಸಲು ಆಗುವುದೇ ಇಲ್ಲ. ಕರುಳಿನಲ್ಲಿರುವ ಇ. ಕೋಲಿ ಅನುಕೂಲ ಇದ್ದರೆ 20 ನಿಮಿಷಕ್ಕೆ ಎರಡಾಗುತ್ತದೆ. ನೈಟ್ರೊಸೊಮೊನಾಸ್‌ಗೆ ಎಲ್ಲ ಸರಿ ಇದ್ದರೂ ಅರ್ಧ ದಿನ, ಒಂದು ದಿನ ಬೇಕು. ನಮ್ಮ ಥರದ ನೀರಲ್ಲಿ ಇನ್ನೂ ನಿಧಾನ. ಅದಕ್ಕೇ ಸ್ಲಡ್ಜ್ ಟ್ಯಾಂಕಿನಲ್ಲಿ ಬಹಳ ದಿನ ಉಳಿಯಬೇಕು. ಬೇಗ ಬೇಗ ಹೊರಹಾಕಿದರೆ ಇವು ಬೆಳೆಯುವ ಮುಂಚೆಯೇ ಕೊಚ್ಚಿಹೋಗುತ್ತವೆ.

ಇಂಥ ಹೊತ್ತಿನಲ್ಲೇ ಬ್ಯಾಕ್ಟೀರಿಯಾ ಪುಡಿ ಮಾರುವವರು ಬರುತ್ತಾರೆ. ಬಕೆಟ್‌ನಲ್ಲಿ ಕಂದು ಪುಡಿ, ಮೇಲೆ ವಿಶೇಷ ತಳಿ ಅಂತ ಬರಹ. ಎಲ್ಲ ಪುಡಿಯೂ ಮೋಸ ಅಂತ ನಾನು ಹೇಳುವುದಿಲ್ಲ. ಹೊಸ ಪ್ಲಾಂಟ್ ಶುರು ಮಾಡುವಾಗ ಸಹಾಯ ಆಗಬಹುದು. ಆದರೆ ಕೆಟ್ಟ ಪ್ಲಾಂಟ್‌ಗೆ ಪುಡಿ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿ. ಇದ್ದವು ಯಾಕೆ ಸತ್ತವು? ಆ ಕಾರಣ ಇನ್ನೂ ಅಲ್ಲೇ ಇದ್ದರೆ ಹೊಸದಾಗಿ ಹಾಕಿದವೂ ಸಾಯುತ್ತವೆ. ಆನಂದ ಮೋಹನ್ ಚಕ್ರವರ್ತಿ ಅವರು ಕಚ್ಚಾ ತೈಲ ತಿನ್ನುವ ಸೂಡೋಮೊನಾಸ್ ರೂಪಿಸಿದ್ದು, 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದಕ್ಕೆ ಪೇಟೆಂಟ್ ಕೊಡಬಹುದು ಅಂದದ್ದು ದೊಡ್ಡ ವಿಷಯ. ಟ್ರೈನಿಗಳೂ ಅದನ್ನೇ ಕೇಳುತ್ತಾರೆ, ಅಂಥ ಒಂದು ತಳಿ ತಂದರೆ ಆಗಲ್ವಾ ಅಂತ. ನಮ್ಮ ಟ್ಯಾಂಕಿನ ಕೆಲಸ ಒಂದು ತಳಿಯಿಂದ ಆಗುವಂಥದ್ದಲ್ಲ. ಅದೇ ನೀರು ಕುಡಿದು ಪಳಗಿದ ನೂರಾರು ಜಾತಿಗಳ ಗುಂಪು ಬೇಕು.

ಬೆಲ್ಲ, ಸಗಣಿ ವಿಷಯವೂ ಅಷ್ಟೇ. ಡೈರಿ, ಆಹಾರ ಕಾರ್ಖಾನೆಗಳ ಇಟಿಪಿ ಶುರು ಮಾಡುವಾಗ ಸಗಣಿ ನೀರು, ಬೆಲ್ಲ, ಯೂರಿಯಾ ಹಾಕುವುದು ನಮ್ಮಲ್ಲಿ ರೂಢಿ. ಅಲ್ಲಿ ಅದು ನಡೆಯುತ್ತದೆ. ಕೋಕ್ ಓವನ್ ನೀರಿಗೆ ಯೂರಿಯಾ ಹಾಕುವುದು ಅಂದರೆ ಇರುವ ಅಮೋನಿಯಾ ಸಾಲದು ಅಂತ ಇನ್ನಷ್ಟು ಸುರಿದ ಹಾಗೆ. ಇಲ್ಲಿ ಸಾರಜನಕ ಬೇಕಾದಷ್ಟು ಇದೆ. ಇಲ್ಲದಿರುವುದು ರಂಜಕ. ಈ ನೀರಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೇ ಹದವಾಗಿ ಫಾಸ್ಫಾರಿಕ್ ಆಸಿಡ್ ಕೊಡುತ್ತಲೇ ಇರಬೇಕು. ಕಚ್ಚಾ ಲಿಕ್ಕರ್ ಇರುವ ಕಡೆ ಅಲ್ಲ, ಏರೇಶನ್ ಟ್ಯಾಂಕಿನ ಬಾಯಲ್ಲಿ, ನೀರು ಚೆನ್ನಾಗಿ ಬೆರೆಯುವ ಜಾಗದಲ್ಲಿ. ಆ ಡೋಸಿಂಗ್ ಪಂಪ್ ಕಟ್ಟಿಕೊಂಡರೆ ಸುಮಾರು ದಿನ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಸ್ಲಡ್ಜ್ ಕ್ಲಾರಿಫೈಯರ್‌ನಲ್ಲಿ (ಕೆಸರು ತಳಕ್ಕೆ ಇಳಿಯಲು ಬಿಡುವ ತೊಟ್ಟಿಯಲ್ಲಿ) ಕೂರದೆ ನೀರಿನ ಜೊತೆ ತೇಲಿಹೋಗುತ್ತಿರುತ್ತದೆ.

ಅಮೋನಿಯಾ ಕೆಲಸಕ್ಕೆ ಗಾಳಿ ಮತ್ತು ಕ್ಷಾರ ಎರಡೂ ಜಾಸ್ತಿ ಬೇಕು. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ನಾಲ್ಕೂವರೆ ಗ್ರಾಂ ಆಮ್ಲಜನಕ, ಏಳು ಗ್ರಾಂ ಮೀರಿದ ಕ್ಷಾರೀಯತೆ ಖರ್ಚು. ಸೋಡಾ ಆಷ್ ಕೊಡದಿದ್ದರೆ ಪಿಎಚ್ ಇಳಿದು ಅವು ತಾವಾಗೇ ಕೆಲಸ ನಿಲ್ಲಿಸುತ್ತವೆ. ಬೇಸಿಗೆಯಲ್ಲಿ ಟ್ಯಾಂಕಿನ ಬಿಸಿ 38 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳಬೇಕು.

ಲ್ಯಾಬ್‌ನಲ್ಲಿ ಮೈಕ್ರೋಸ್ಕೋಪ್ ಇದ್ದರೆ ದಯವಿಟ್ಟು ಅದರ ಧೂಳು ಒರೆಸಿ. ದಿನಾ ಒಂದು ಹನಿ ಸ್ಲಡ್ಜ್ ನೋಡಿ. ಬ್ಯಾಕ್ಟೀರಿಯಾ ಗುರುತಿಸಲು ಅಲ್ಲ, ಅವನ್ನು ತಿನ್ನುವ ಸಣ್ಣ ಜೀವಿಗಳನ್ನು ನೋಡಲು. ವೋರ್ಟಿಸೆಲ್ಲಾ ಅಂತ ಒಂದಿದೆ. ಗಂಟೆ ಆಕಾರದ ಮೈ, ಕೆಳಗೆ ಸಣ್ಣ ತೊಟ್ಟು. ಸ್ಲಡ್ಜ್ ಗುಡ್ಡೆಗೆ ಅಂಟಿಕೊಂಡು, ಬಾಯಿಯ ಸುತ್ತ ಇರುವ ಕೂದಲನ್ನು ಅಲ್ಲಾಡಿಸುತ್ತಾ ಇರುತ್ತದೆ. ಗಾಜು ಸ್ವಲ್ಪ ತಟ್ಟಿದರೂ ತೊಟ್ಟು ಸ್ಪ್ರಿಂಗ್ ಆಗಿ ಸುರುಳಿ ಸುತ್ತಿಕೊಳ್ಳುತ್ತದೆ, ಮತ್ತೆ ನಿಧಾನ ಬಿಚ್ಚುತ್ತದೆ. ಅವು ಚುರುಕಾಗಿದ್ದರೆ ನೀರು ಹದವಾಗಿದೆ. ಅವು ಗುಂಡಗೆ ಮುದುಡಿ ಅಲ್ಲಾಡದೆ ಬಿದ್ದಿದ್ದರೆ ವಿಷ ಒಳಗೆ ಬಂದಿದೆ. ಫೀನಾಲ್ ರಿಪೋರ್ಟ್‌ಗೆ ಡಿಸ್ಟಿಲೇಶನ್ ಆಗಬೇಕು, ಬಣ್ಣ ಬರಿಸಬೇಕು, ರೀಡಿಂಗ್ ತೆಗೆಯಬೇಕು. ಇದಕ್ಕೆ ಐದು ನಿಮಿಷ ಸಾಕು.

ಈ ಪದ್ಧತಿಗೂ ಬೆಂಗಳೂರಿಗೂ ಒಂದು ನಂಟಿದೆ, ಬಹಳ ಜನಕ್ಕೆ ಗೊತ್ತಿಲ್ಲ. 1914ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಚರಂಡಿ ನೀರಿಗೆ ಗಾಳಿ ಕೊಟ್ಟು, ತಳದಲ್ಲಿ ಕೂತ ಕೆಸರನ್ನು ಚೆಲ್ಲದೆ ಮುಂದಿನ ಸಲದ ನೀರಿಗೂ ಅದನ್ನೇ ಬಳಸುತ್ತಾ ಹೋದರು. ಮೊದಲು ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದು ದಿನದೊಳಗೆ ಆಗತೊಡಗಿತು. ಇವತ್ತಿಗೂ ನಾವು ಕ್ಲಾರಿಫೈಯರ್‌ನಿಂದ ಸ್ಲಡ್ಜ್ ವಾಪಸ್ ಪಂಪ್ ಮಾಡುವುದು ಅದೇ ಕಾರಣಕ್ಕೆ. ಅವರಿಬ್ಬರಿಗೆ ಆ ದಾರಿ ತೋರಿಸಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರೊಫೆಸರ್ ಆಗಿ ಬಂದರು. ಟ್ರೈನಿಗಳಿಗೆ ಇದನ್ನು ಹೇಳುವಾಗ ನನಗೆ ಈಗಲೂ ಹೆಮ್ಮೆ ಆಗುತ್ತದೆ.

ಬ್ಯಾಕ್ಟೀರಿಯಾದಿಂದ ಆಗದ್ದೂ ಇದೆ. ಕಬ್ಬಿಣದ ಜೊತೆ ಕೂಡಿಕೊಂಡ ಸಯನೈಡ್ ಸುಲಭಕ್ಕೆ ಒಡೆಯುವುದಿಲ್ಲ. ನೀರಿನ ಕಂದು ಬಣ್ಣ ಪೂರ್ತಿ ಹೋಗುವುದಿಲ್ಲ. ಲೋಹಗಳನ್ನಂತೂ ಯಾವ ಬ್ಯಾಕ್ಟೀರಿಯಾವೂ ಒಡೆಯಲಾರದು, ಅವು ಸ್ಲಡ್ಜ್‌ಗೆ ಅಂಟಿ ಕೂರುತ್ತವೆ ಅಷ್ಟೇ. ಆ ಸ್ಲಡ್ಜ್ ಗೊಬ್ಬರ ಅಲ್ಲ. ಯಾರಾದರೂ ತೋಟಕ್ಕೆ ಹಾಕಲು ಕೇಳಿದರೆ ಕೊಡಬೇಡಿ.

ನಮ್ಮ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ಟ್ರೈನಿಗಳು ನೋಡಿ ಬರಬೇಕು. ಎಷ್ಟೋ ಕಾರ್ಖಾನೆಗಳಲ್ಲಿ ಬಿಒಡಿ ಪ್ಲಾಂಟ್‌ನಿಂದ ಹೊರಬಂದ ನೀರನ್ನು ಕೆಂಡದಂತಹ ಕೋಕ್ ತಣಿಸಲು ಬಳಸುತ್ತಾರೆ. ನೀರು ಬಿದ್ದ ಕ್ಷಣ ದೊಡ್ಡ ಬಿಳಿ ಹಬೆ ಏಳುತ್ತದೆ. ನಾವು ತೆಗೆಯದೆ ಬಿಟ್ಟ ಫೀನಾಲ್, ಅಮೋನಿಯಾ ಆ ಹಬೆಯ ಜೊತೆ ಗಾಳಿಗೆ ಹೋಗುತ್ತದೆ. ಅಲ್ಲಿ ಪಕ್ಕದಲ್ಲೇ ಲೋಕೋ ಓಡಿಸುವವರು, ತಣಿಸಿದ ಕೋಕ್ ಸುರಿಯುವ ಕಟ್ಟೆ, ಅಂದರೆ ವಾರ್ಫ್ ಮೇಲೆ ಕೆಲಸ ಮಾಡುವವರು ಇರುತ್ತಾರೆ. ಬಹುಪಾಲು ಕಾಂಟ್ರ್ಯಾಕ್ಟ್ ಕಾರ್ಮಿಕರು. ಹೊರಗೆ ಬಿಡುವ ನೀರಲ್ಲ, ಒಳಗೇ ಬಳಸುವುದು, ಸ್ವಲ್ಪ ಹೆಚ್ಚುಕಮ್ಮಿ ಆದರೆ ಏನು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅದನ್ನು ಉಸಿರಾಡುವವರು ನಮ್ಮವರೇ.

ಈಗಿನ ನಮ್ಮ ಪ್ಲಾಂಟ್‌ನಲ್ಲಿ ಎರಡು ಬದಲಾವಣೆ ಮಾಡಿಸಿದ್ದೇವೆ. ಲಾಗ್ ಬುಕ್‌ನಲ್ಲಿ ಅಮೋನಿಯಾ ಕಾಲಂ ಪಕ್ಕದಲ್ಲೇ ಥಯೋಸಯನೇಟ್, ನೈಟ್ರೇಟ್ ಕಾಲಂ ಇದೆ. ಮೂರನ್ನೂ ಒಟ್ಟಿಗೆ ಓದದೆ ಯಾರೂ ಫೀಡ್ ಬದಲಿಸುವಂತಿಲ್ಲ. ಎರಡನೆಯದು, ಮೇಲಿನ ಯೂನಿಟ್‌ನವರು ಟ್ಯಾಂಕ್ ತೊಳೆಯುವ ಪರ್ಮಿಟ್‌ನಲ್ಲಿ ಬಿಒಡಿ ಪ್ಲಾಂಟ್ ಶಿಫ್ಟ್ ಇನ್‌ಚಾರ್ಜ್ ಸಹಿಗೂ ಜಾಗ ಮಾಡಿಸಿದ್ದೇವೆ. ಈಕ್ವಲೈಸೇಶನ್ ಟ್ಯಾಂಕ್‌ನಲ್ಲಿ ಎಷ್ಟು ಜಾಗ ಖಾಲಿ ಇದೆ ಅಂತ ನೋಡಿಯೇ ಸಹಿ. ಮೊದಮೊದಲು ಅವರಿಗೆ ಕಿರಿಕಿರಿ ಆಯಿತು. ಈಗ ಅವರೇ ಮುಂಚೆ ಫೋನ್ ಮಾಡಿ, ಇವತ್ತು ಬಿಡಬಹುದಾ, ನಾಳೆ ಬಿಡಲಾ ಅಂತ ಕೇಳುತ್ತಾರೆ.

ಏಪ್ರಿಲ್, ಮೇ ಬಿಸಿಲಿನಲ್ಲಿ ಅಮೋನಿಯಾ ಗುಂಪನ್ನು ಉಳಿಸಿಕೊಳ್ಳುವುದು ನಮಗೆ ಇನ್ನೂ ಕಷ್ಟವೇ. ಫೀಡ್ ಲೈನಿಗೆ ಕೂಲರ್ ಹಾಕಿದ್ದೇವೆ, ಸಾಲುತ್ತಿಲ್ಲ. ನಿಮ್ಮ ಕಡೆ ಇದಕ್ಕೆ ಏನು ಮಾಡುತ್ತೀರಿ ಅಂತ ಗೊತ್ತಿದ್ದವರು ತಿಳಿಸಿ.